ಹಟ್ಟಿಯಲ್ಲಿದ್ದ ಕಂಚಿನ ಬಟ್ಟಲು

"ಇಲ್ಲಿಗೆ ಯಾವ ಲಾರಿಯವನೂ ಬರ್ಲಿಲ್ಲ ಮಾರಾಯ್ರೆ. ಬಂದಿದ್ರೆ ನನಗೆ ಗೊತ್ತಾಗದೆ ಇರ್ತದಾ?"

ಹಾಗೆಂದು ಶೀಲಾವತಿ ಬೆಲ್ಲದ ತಟ್ಟೆಯನ್ನು ಕುಕ್ಕಪ್ಪನ ಕಡೆಗೆ ಇನ್ನಷ್ಟು ದೂಡಿದರು. ಬಾಯಲ್ಲಿ ಬಾಗಿಲು ಹಾಕಿ ಕೈಯಲ್ಲಿ ಬೆಲ್ಲ ಕೊಡುವ ವಿದ್ಯೆ ಆಲೆಟ್ಟಿಯ ಮುದುಕಿಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಕುಕ್ಕಪ್ಪ ಬೆಲ್ಲದ ಒಂದು ಚೂರು ಬಾಯಿಗೆ ಹಾಕಿ, ನೀರು ಕುಡಿದು, ಚೆಂಬನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟ. ಬೆಳಗ್ಗಿನಿಂದ ಇದು ಮೂರನೆಯ ಮನೆ, ಮೂರನೆಯ ಚೆಂಬು. ಮೊದಲ ಎರಡು ಮನೆಯವರೂ ಇದೇ ಮಾತು ಹೇಳಿದ್ದರು. ಆ ಮಾರ್ಗದ ತಿರುವಿನ ಮೇಲೆ ನಾಲ್ಕನೆಯ ಮನೆ ಇರಲಿಲ್ಲ.

"ನೀವು ಪೋಲೀಸಿನವರಾ?" ಎಂದು ಕೇಳಿದರು ಶೀಲಾವತಿ.

"ಅಲ್ಲ ಅಕ್ಕ. ಪುತ್ತೂರಿನ ವಕೀಲ ರಾಯರ ಗುಮಾಸ್ತ."

"ಅದು ಅದಕ್ಕಿಂತ ಕಷ್ಟ. ಪೋಲೀಸಿನವರು ಹೊಡೆದು ಬಿಡ್ತಾರೆ. ನಿಮ್ಮವರು ಬಿಡುದೇ ಇಲ್ಲ."

ಕುಕ್ಕಪ್ಪ ನಕ್ಕ. ಆದರೆ ಒಳಗಿನಿಂದ ನಗು ಬರಲಿಲ್ಲ. ಇಂದು ಶನಿವಾರ. ಕಡಬದ ಮರದ ವ್ಯಾಪಾರಿ ಸಾಹುಲ್ ಹಮೀದರನ್ನು ಅವರ ಡಿಪೋದಲ್ಲೇ ತಲೆಗೆ ಹೊಡೆದು ಕೊಂದ ಕೇಸಿನಲ್ಲಿ ಅವರ ಲಾರಿಯ ಡ್ರೈವರ್ ಸಲಾಂ ಮಂಗಳೂರಿನ ಕಟಕಟೆಯಲ್ಲಿ ನಿಂತಿದ್ದ. ಅವನ ಪರವಾಗಿ ಸಾಕ್ಷಿ ತರಲು ಜಡ್ಜರು ಕೊಟ್ಟ ಕೊನೆಯ ದಿನ ಸೋಮವಾರ. ಸಾಕ್ಷಿ ಸಿಕ್ಕದಿದ್ದರೆ ಹಗ್ಗ. ವಕೀಲ ರಾಯರು ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕುಳಿತಿದ್ದರು, ಅಷ್ಟೆ. ಇಪ್ಪತ್ತೆಂಟು ವರ್ಷ ಅವರ ಫೈಲು ಹೊತ್ತ ಕುಕ್ಕಪ್ಪನಿಗೆ ಅಷ್ಟು ಸಾಕಾಗಿತ್ತು.

ಕೊಲೆಯಾದದ್ದು ಕಳೆದ ಮಾರ್ಚಿನ ಒಂದು ಶುಕ್ರವಾರ, ರಂಜಾನ್ ತಿಂಗಳಲ್ಲಿ. ಮಧ್ಯಾಹ್ನ ಜುಮಾ ನಮಾಜು ಮುಗಿಸಿ ಸಾಹುಲ್ ಹಮೀದರು ಒಬ್ಬರೇ ಡಿಪೋಗೆ ಹೋದದ್ದನ್ನು ಊರೇ ಕಂಡಿದೆ. ಸಂಜೆ ಹೊತ್ತು ಮುಳುಗಿದ ಮೇಲೆ ಉಪವಾಸದ ನೋಂಬು ತೆರೆದು, ನಮಾಜು ಮಾಡಿ, ಏಳು ಗಂಟೆಗೆ ದೀಪ ಹಿಡಿದುಕೊಂಡು ಹೋದ ಕಾವಲುಗಾರ ಮರದ ದಿಮ್ಮಿಗಳ ನಡುವೆ ಹೆಣ ಕಂಡ. ಜೀವ ಹೋದದ್ದು ಎರಡರಿಂದ ಮೂರು ಗಂಟೆಯ ಒಳಗೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಏಳು ಗಂಟೆಯವರೆಗೆ ಆ ಸಾವಿನ ಸುದ್ದಿ ಕೊಂದವನನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಅದೇ ದಿನ ಬೆಳಿಗ್ಗೆ ಸಲಾಂನ ಲಾರಿ ಮೂವತ್ತು ಮೈಲಿ ದೂರದ ಆಲೆಟ್ಟಿಯ ಈ ತಿರುವಿನಲ್ಲಿ ಎಕ್ಸೆಲ್ ಮುರಿದು ಕೂತಿತ್ತು. ಅದು ನಿಜ, ಮುರಿದ ಎಕ್ಸೆಲನ್ನು ಪೋಲೀಸರೂ ಒಪ್ಪುತ್ತಾರೆ. ಆದರೆ ಲಾರಿ ಕೂತರೆ ಡ್ರೈವರನೂ ಅಲ್ಲೇ ಕೂತಿದ್ದ ಎಂದು ಹೇಳುವವರು ಯಾರು? ಎರಡು ಗಂಟೆಗೆ ಲಾರಿಯ ಹತ್ತಿರ ನರಪಿಳ್ಳೆ ಇರಲಿಲ್ಲ ಎಂದು ಕೆಳಗಿನ ಅಂಗಡಿಯವನು ಪ್ರಮಾಣ ಮಾಡಿ ಹೇಳಿಬಿಟ್ಟಿದ್ದ. ಅದಕ್ಕೂ ವಾರದ ಮೊದಲು, ಹೊರೆಯಾಳುಗಳ ಎದುರಿನಲ್ಲೇ ಸಾಹುಕಾರ ಸಾಹುಲ್ ಹಮೀದರು ಸಲಾಂನ ಕೆನ್ನೆಗೆ ಹೊಡೆದಿದ್ದರು. "ಈ ಕೈ ಬೀಳುವ ದಿನ ಬರ್ತದೆ" ಎಂದು ಅವನೂ ಹೇಳಿಬಿಟ್ಟಿದ್ದ. ಅಂಥ ಮಾತು ಹೇಳಿದವರೆಲ್ಲ ಕೊಲ್ಲುವುದಾದರೆ ಪುತ್ತೂರು ತಾಲೂಕಿನಲ್ಲಿ ಜನ ಉಳಿಯುತ್ತಿರಲಿಲ್ಲ. ಕೋರ್ಟಿಗೆ ಮಾತ್ರ ಅದು ಅರ್ಥವಾಗುವುದಿಲ್ಲ.

"ಕೈಕಾಲಿಗೆ ಸ್ವಲ್ಪ ನೀರು ಹಾಕಿಕೊಳ್ತೇನೆ ಅಕ್ಕ" ಎಂದು ಕುಕ್ಕಪ್ಪ ಎದ್ದ.

"ದನದ ಹಟ್ಟಿಯ ಹತ್ರ ಕಲ್ಲಿನ ಮರಿಗೆಯಲ್ಲಿ ನೀರು ಉಂಟು. ಕೆಸರು, ನೋಡಿ ಹೋಗಿ."

ಅವನು ಹೋದದ್ದು ಕಾಲು ತೊಳೆಯಲಿಕ್ಕೇ. ಹುಡುಕಲಿಕ್ಕೆ ಅಲ್ಲ. ಆಸೆ ಮುಗಿದವನು ಹುಡುಕುವುದಿಲ್ಲ, ಸುಮ್ಮನೆ ನೋಡುತ್ತಾನೆ. ಹಾಗೆ ಸುಮ್ಮನೆ ನೋಡಿದಾಗಲೇ ಅದು ಕಂಡಿತು.

ಹಟ್ಟಿಯ ಗೋಡೆಯ ಬುಡದಲ್ಲಿ ಕೋಳಿಗಳಿಗೆ ನೀರು ಇಟ್ಟಿದ್ದರು. ನೀರು ಇಟ್ಟದ್ದು ಒಂದು ಕಂಚಿನ ಬಟ್ಟಲಿನಲ್ಲಿ. ಒಡೆದದ್ದಲ್ಲ, ಸೀಳಿದ್ದಲ್ಲ. ಕೈಗೆ ತೂಕ ಬರುವ, ಒಳ್ಳೆಯ ಕಂಚು. ಕುಕ್ಕಪ್ಪ ಬಾಗಿ, ಅಂಚಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದ. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳು ಎದ್ದು ಬಂದವು: 'ದಮಯಂತಿಗೆ. ಮಂಡೆಕೋಲು.'

ಅವನ ಕೈ ಅಲ್ಲೇ ನಿಂತಿತು.

ಗುರುವಾರ ಸಾಯಂಕಾಲ ಕೋರ್ಟಿನ ಹಿಂದಿನ ಲಾಕಪ್ಪಿನಲ್ಲಿ, ಎಂಟು ತಿಂಗಳಲ್ಲಿ ಮೊದಲ ಸಲ, ಸಲಾಂ ನಿಜ ಹೇಳಿದ್ದ.

"ಗುಮಾಸ್ತರೇ, ಆವತ್ತು ನಾನು ಹಗಲಿಡೀ ಲಾರಿಯ ಅಡಿಯಲ್ಲಿ ಇರ್ಲಿಲ್ಲ. ನೋಂಬು ನಡುವಿನಲ್ಲೇ ಬಿಟ್ಟೆ. ಮಧ್ಯಾಹ್ನ ನೆತ್ತಿ ಸುಡ್ತಿತ್ತು, ನಾಲಿಗೆ ಅಂಟಿ ಹೋಗಿತ್ತು. ಮೇಲೆ ಒಂದು ಮನೆಗೆ ಹೋದೆ. ಒಬ್ಬರು ಅಕ್ಕ ಗಂಜಿ ಕೊಟ್ರು. ಕಂಚಿನ ಬಟ್ಟಲಿನಲ್ಲಿ. ಅಂಚಿನಲ್ಲಿ ಅಕ್ಷರ ಇತ್ತು, ನನಗೆ ಓದ್ಲಿಕ್ಕೆ ಬರುದಿಲ್ಲ."

"ಮತ್ತೆ ಪೋಲೀಸಿಗೆ ಎಂತಕ್ಕೆ ಏನೂ ತಿನ್ಲಿಲ್ಲ, ಯಾರನ್ನೂ ಕಾಣ್ಲಿಲ್ಲ ಅಂತ ಬರೆಸಿದ್ದು, ಪುಣ್ಯಾತ್ಮ?"

"ಬರೆಸುವಾಗ ಮಾವ ಪಕ್ಕದಲ್ಲೇ ನಿಂತಿದ್ರು."

ಅವನ ಮಾವ ಸವಣೂರಿನ ಮಮ್ಮು, ಮಸೀದಿಯಲ್ಲಿ ಬಾಂಕು ಕೂಗಿ ಜನರನ್ನು ನಮಾಜಿಗೆ ಕರೆಯುವ ಮುಕ್ರಿ. ಮಗಳು ನೆಬೀಸಳನ್ನು ಈ ಡ್ರೈವರನಿಗೆ ಕೊಡಲು ಒಪ್ಪಿದ್ದು, ಹುಡುಗ ಏಳು ವರ್ಷದಿಂದ ಒಂದು ನೋಂಬೂ ಬಿಟ್ಟಿಲ್ಲ ಎಂಬ ಒಂದೇ ಮಾತಿಗೆ.

"ಪ್ರಯಾಣದಲ್ಲಿ ಇರುವವನಿಗೆ ಬಿಡ್ಲಿಕ್ಕೆ ಉಂಟಲ್ಲ ಮಾರಾಯ, ನಿಮ್ಮಲ್ಲಿ?" ಎಂದು ಕುಕ್ಕಪ್ಪ ಕೇಳಿದ್ದ.

"ಉಂಟು. ಆದ್ರೆ ಮಾವನ ಎದುರು ನಾನು ಕಿತಾಬು ಹೇಳ್ಲಿಕ್ಕೆ ಆಗ್ತದಾ? ಆವಾಗ ಕೊಲೆ ಅಂತಲೂ ಗೊತ್ತಿರ್ಲಿಲ್ಲ ನನಗೆ, ಸುಮ್ಮನೆ ವಿಚಾರಣೆ ಅಂತ ಮಾಡಿದ್ದೆ. ಒಂದು ಸಲ ಹೆಬ್ಬೆಟ್ಟು ಒತ್ತಿದ ಮೇಲೆ ತಿರುಗಿಸಿದ್ರೆ, ಕಳ್ಳ ಅಂತಲೇ ಹೇಳುದಲ್ವಾ?"

ಹೇಳುವುದು ಹಾಗೆಯೇ. ಸಣ್ಣ ಮಾನ ಉಳಿಸಲಿಕ್ಕೆ ಹೇಳಿದ ಒಂದು ಸುಳ್ಳು, ದೊಡ್ಡ ಪ್ರಾಣದ ಕುತ್ತಿಗೆಗೆ ಸುತ್ತಿಕೊಂಡಿತ್ತು.

ಈ ಕಡೆಯ ಮಾರ್ಗದಲ್ಲಿ ಲಾರಿ ನಿಂತರೆ ಮೆಕ್ಯಾನಿಕ್ ಬರುವುದು ಮರುದಿನ, ಸಾಮಾನು ಬರುವುದು ಅದರ ಮರುದಿನ. ಅಲ್ಲಿಯವರೆಗೆ ಡ್ರೈವರನ ಹೊಟ್ಟೆ ಕಂಡವರ ಒಲೆಯನ್ನು ನಂಬಬೇಕು. ಕೊಟ್ಟವರು ಹೆಸರು ಕೇಳುವುದಿಲ್ಲ. ಉಂಡವನು ಕೈ ಮುಗಿದು ಇಳಿದು ಹೋಗುತ್ತಾನೆ. ಹಾಗೆ ನಡೆದುಕೊಂಡು ಬಂದ ಊರು ಇದು. ಉಪಕಾರಕ್ಕೆ ಕಾಗದ ಪತ್ರ ಇಲ್ಲ, ಕೋರ್ಟಿಗೆ ಮಾತ್ರ ಕಾಗದ ಪತ್ರ ಬೇಕು.

ಆದರೆ ಬಟ್ಟಲು ಇಲ್ಲಿತ್ತು.

ಕುಕ್ಕಪ್ಪ ಕಾಲು ತೊಳೆದು ಬಂದು ಮತ್ತೆ ಜಗಲಿಯಲ್ಲಿ ಕುಳಿತ. ವೀಳ್ಯದೆಲೆಯ ನಾರು ತೆಗೆದು, ಸುಣ್ಣ ಹಚ್ಚುತ್ತಾ, ಏನೂ ಆಗದವನ ಹಾಗೆ ಕೇಳಿದ.

"ಸೊಸೆ ಮಂಡೆಕೋಲಿನವಳಾ ಅಕ್ಕ?"

"ಹೌದು. ಹೇಗೆ ಗೊತ್ತಾಯ್ತು?"

"ನನ್ನ ಊರೂ ಅದೇ. ಮಾತಿನಲ್ಲಿ ಗೊತ್ತಾಗ್ತದೆ."

"ಅವಳು ಮಾತಾಡಿದ್ದೇ ಇಲ್ಲ ಇಷ್ಟು ಹೊತ್ತು" ಎಂದರು ಶೀಲಾವತಿ.

ಬಾಗಿಲ ಸಂದಿನಲ್ಲಿ ನಿಂತಿದ್ದ ದಮಯಂತಿ ಸೆರಗನ್ನು ಬಿಗಿ ಹಿಡಿದಳು. ಇಪ್ಪತ್ತೆಂಟು ಮೂವತ್ತರ ಹೆಂಗಸು, ಸಪೂರ, ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಕುಕ್ಕಪ್ಪ ಅವಳ ಕಡೆಗೆ ನೋಡಲಿಲ್ಲ.

"ತವರಿನವರು ಕೊಟ್ಟ ಕಂಚು ಕೋಳಿಗೆ ನೀರು ಇಡುವಷ್ಟು ಸಿರಿ ಉಂಟು ನಿಮ್ಮ ಮನೆಯಲ್ಲಿ, ಸಂತೋಷ" ಎಂದ.

"ಅಯ್ಯೋ, ಅದಾ? ಅದನ್ನು ನಾಯಿ ಮುಟ್ಟಿತು ಅಂತ ಇವಳು ಹೊರಗೆ ಹಾಕಿದ್ದು" ಎಂದು ಶೀಲಾವತಿ ಎದ್ದರು. "ಅಂಗಳದಲ್ಲಿ ಭತ್ತ ಹರಡಿದ್ದೇನೆ, ಕಾಗೆ ಮುಕ್ಕಿಬಿಡ್ತದೆ. ನೀವು ಎಲೆ ಹಾಕಿ ಹೊರಡಿ, ಸುಳ್ಯದ ಬಸ್ಸು ತಪ್ಪೀತು."

ಮುದುಕಿ ಕೋಲು ಹಿಡಿದು ಕೆಳಗಿನ ಅಂಗಳಕ್ಕೆ ಇಳಿದರು. ಮನೆಯ ಯಜಮಾನ ಅಚ್ಚುತ ಗದ್ದೆಯ ಕೊಯ್ಲಿನಲ್ಲಿದ್ದ. ಜಗಲಿಯಲ್ಲಿ ಉಳಿದದ್ದು ಇಬ್ಬರೇ.

"ಮಗಳೇ," ಎಂದ ಕುಕ್ಕಪ್ಪ, ದನಿ ತಗ್ಗಿಸಿ, "ನಾನೂ ನಿಮ್ಮ ಜಾತಿಯವನೇ. ನಾಯಿ ಮುಟ್ಟಿದ ಕಂಚಿಗೆ ನಮ್ಮ ಮನೆಗಳಲ್ಲಿ ಎಂತ ಮಾಡ್ತಾರೆ ಅಂತ ನನಗೆ ಗೊತ್ತುಂಟು. ಹುಳಿ, ಬೂದಿ ಹಾಕಿ ತಿಕ್ಕಿ, ಒಲೆಯ ಕೆಂಡ ತೋರಿಸಿ ಒಳಗೆ ತಗೊಳ್ತಾರೆ. ತವರಿನ ಬಟ್ಟಲನ್ನು ಯಾರೂ ಹಟ್ಟಿಗೆ ಬಿಸಾಡುದಿಲ್ಲ."

ದಮಯಂತಿ ಒಳಗೆ ಹೋಗಲು ತಿರುಗಿದಳು.

"ಅದರಲ್ಲಿ ನಾಯಿ ಉಂಡದ್ದಲ್ಲ. ಒಬ್ಬ ಬ್ಯಾರಿ ಉಂಡದ್ದು."

"ಇಲ್ಲ."

"ಸಪೂರದ ಆಸಾಮಿ. ಬಲ ಹುಬ್ಬಿನ ಮೇಲೆ ಹಳೆಯ ಕಲೆ. ಅಕ್ಕಾ ಅಂತ ಕರೆದ."

"ಇಲ್ಲ ಅಂದೆನಲ್ಲ ಮಾವ! ನೀವು ಹೋಗಿ. ಅತ್ತೆ ಬಂದ್ರೆ..." ಅವಳ ಮಾತು ಅಲ್ಲೇ ತುಂಡಾಯಿತು.

"ಅತ್ತೆ ಬಂದ್ರೆ ಎಂತ? ಹೇಳು."

ದಮಯಂತಿ ಕೆಳಗಿನ ಅಂಗಳದ ಕಡೆಗೆ ಒಮ್ಮೆ ನೋಡಿದಳು. ಅಲ್ಲಿ ಶೀಲಾವತಿ ಕಾಗೆಗಳಿಗೆ ಅವುಗಳ ಅಜ್ಜನ ಕಾಲದಿಂದ ಲೆಕ್ಕ ಹಾಕಿ ಬೈಯುತ್ತಿದ್ದರು.

"ಆವತ್ತು ಅತ್ತೆ, ಇವರು ಇಬ್ಬರೂ ಜಾಲ್ಸೂರಿಗೆ ಹೋಗಿದ್ರು. ಸಂಬಂಧಿಕರ ಉತ್ತರಕ್ರಿಯೆ. ದನ ಕರು ಹಾಕಿ ನಾಲ್ಕು ದಿನ, ಹಾಗೆ ನಾನು ಉಳಿದದ್ದು. ಒಬ್ಬಳೇ. ಆ ಜನ ಅಂಗಳದ ತುದಿಯಲ್ಲಿ ಬಂದು ಬಿದ್ದ ಹಾಗೆ ಕೂತ. ಮೈಯೆಲ್ಲ ಧೂಳು. ನೀರು ಅಂತಲೂ ಕೇಳ್ಲಿಕ್ಕೆ ಆಗ್ತಿರ್ಲಿಲ್ಲ, ಕೈಯಲ್ಲಿ ತೋರಿಸಿದ. ಮನುಷ್ಯ ಸಾಯ್ತಾನೆ ಅಂತ ಕಂಡಿತು ನನಗೆ."

"ಗಂಜಿ ಕೊಟ್ಟೆ."

"ಕೊಟ್ಟೆ. ಬೇರೆ ಜಾತಿಯವರಿಗೆ ಅಡಿಕೆ ಹಾಳೆಯಲ್ಲಿ ಕೊಡುದು ನಮ್ಮಲ್ಲಿ. ಹಾಳೆ ತರ್ಲಿಕ್ಕೆ ತೋಟಕ್ಕೆ ಹೋಗ್ಬೇಕು. ಕೈಗೆ ಸಿಕ್ಕಿದ್ದು ಆ ಬಟ್ಟಲು. ಹೊಯ್ದು ಕೊಟ್ಟೆ. ಒಂದು ಮಿಡಿ ಉಪ್ಪಿನಕಾಯಿಯೂ ಹಾಕಿದೆ. ಅವನು ಹೋದ ಮೇಲೆ ಬಟ್ಟಲು ನೋಡಿ ನನಗೆ ಹೆದರಿಕೆ ಆಯ್ತು."

"ತೊಳೆದು ಒಳಗೆ ಇಡ್ಬಹುದಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಅತ್ತೆ ಊಟದ ಮೊದಲು ದೈವಕ್ಕೆ ಅಂತ ಎತ್ತಿಡುವವರು. ಅವರಿಗೆ ಮೋಸ ಮಾಡಿ ಅದೇ ಬಟ್ಟಲಿನಲ್ಲಿ ಬಡಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ನಿಜ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಹಾಗೆ ನಾಯಿ ಅಂತ ಹೇಳಿದೆ. ನಮ್ಮಲ್ಲಿ ನಾಯಿಯೂ ಇಲ್ಲ ಮಾವ. ಆಚೆ ಮನೆಯ ನಾಯಿಯ ಹೆಸರು ಹೇಳಿದೆ."

ಕುಕ್ಕಪ್ಪ ಎಲೆಯ ಉಗುಳು ನುಂಗಿಕೊಂಡ. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಕರುಣೆ ಬಂತು. ಕರುಣೆಯಿಂದ ಕೇಸು ನಡೆಯುವುದಿಲ್ಲ.

"ಆ ಜನ ಯಾರು ಅಂತ ಗೊತ್ತುಂಟಾ ನಿನಗೆ?"

"ಆಮೇಲೆ ಇವರು ಪೇಪರಿನಲ್ಲಿ ಓದಿ ಹೇಳಿದ್ರು. ಆಲೆಟ್ಟಿಯಲ್ಲಿ ಲಾರಿ ಕೆಟ್ಟವನು, ಕೊಲೆ ಮಾಡಿದವನು ಅಂತ. ಅವನೇ ಅಂತ ಗೊತ್ತಾಯ್ತು. ಎಂಟು ತಿಂಗಳಾಯ್ತು, ಸರಿ ನಿದ್ದೆ ಇಲ್ಲ ನನಗೆ."

"ಅವನು ಕೊಲೆ ಮಾಡ್ಲಿಲ್ಲ ಮಗಳೇ. ಅವನು ಆ ಹೊತ್ತಿಗೆ ನಿನ್ನ ಅಂಗಳದಲ್ಲಿದ್ದ. ಲೋಕದಲ್ಲಿ ಅದು ಗೊತ್ತಿರುದು ನಿನಗೊಬ್ಬಳಿಗೆ. ಅವನ ಹೆಂಡತಿ ಮೊನ್ನೆ ಹೆತ್ತಳು. ಅಪ್ಪನ ಮುಖ ಆ ಕೂಸು ಕಂಡಿಲ್ಲ. ನೀನು ಬಂದು ಹೇಳ್ಬೇಕು. ಅಷ್ಟೇ, ನಾಲ್ಕು ಮಾತು."

"ಹೇಳಿದ್ರೆ ನನ್ನನ್ನು ಈ ಮನೆಯಲ್ಲಿ ಇಟ್ಕೊಳ್ತಾರಾ? ಗಂಡ ಇಲ್ಲದ ಹೊತ್ತಿನಲ್ಲಿ ಪರಪುರುಷನನ್ನು ಕೂರಿಸಿ ಬಡಿಸಿದವಳು ಅಂತ ಕೋರ್ಟಿನಲ್ಲಿ ಬರೆದುಕೊಳ್ತಾರೆ. ಪೇಪರಿನಲ್ಲಿ ಬರ್ತದೆ. ಇವರು ಓದ್ತಾರೆ."

"ಬರ್ತದೆ" ಎಂದ ಕುಕ್ಕಪ್ಪ. ಸುಳ್ಳು ಸಮಾಧಾನ ಹೇಳಿ ಸಾಕ್ಷಿ ತಂದರೆ ಅದು ಕಟಕಟೆಯಲ್ಲಿ ಕುಸಿಯುತ್ತದೆ ಎಂದು ಅವನು ಕಂಡವನು. "ಕಷ್ಟ ಬರ್ತದೆ. ಬರುದಿಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ಆವತ್ತು ಸಾಯ್ತಾನೆ ಅಂತ ಕಂಡು ಬದುಕಿಸಿದ್ದು ನೀನು. ಈಗ ಅದೇ ಮನುಷ್ಯನನ್ನು ಸಾಯ್ಲಿಕ್ಕೆ ಬಿಡ್ತೀಯಾ?"

ದಮಯಂತಿ ಬಾಗಿಲಿನ ದಾರಂದಕ್ಕೆ ತಲೆ ಆನಿಸಿ ನಿಂತಳು. ಕೆಳಗೆ ಕಾಗೆಗಳ ಗಲಾಟೆ ನಿಂತಿತ್ತು.

"ಬರ್ತೇನೆ" ಎಂದಳು.

ಕುಕ್ಕಪ್ಪನ ಎದೆಯ ಮೇಲಿನಿಂದ ಒಂದು ಮರದ ದಿಮ್ಮಿ ಉರುಳಿದ ಹಾಗಾಯಿತು. ಎಂಟು ತಿಂಗಳಲ್ಲಿ ಮೊದಲ ಸಲ, ಈ ಕೇಸಿನಲ್ಲಿ ಉಸಿರು ಸರಾಗವಾಗಿ ಒಳಗೆ ಹೋಯಿತು. ಜೇಬಿನಿಂದ ಪೆನ್ಸಿಲ್ ತೆಗೆದ, ಚೀಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಸರಿ. ಹೊತ್ತು ಮಾತ್ರ ಗಟ್ಟಿ ಹೇಳ್ಬೇಕು. ಮಧ್ಯಾಹ್ನ ಅಲ್ವಾ? ಒಂದೂವರೆ, ಎರಡು?"

"ಮಧ್ಯಾಹ್ನವಾ? ಅಲ್ಲ."

ಪೆನ್ಸಿಲ್ ನಿಂತಿತು.

"ಸಂಜೆ" ಎಂದಳು ದಮಯಂತಿ. "ನಾನು ಹಾಲು ಕರೆದು ಹಟ್ಟಿಯಿಂದ ಬರ್ತಾ ಇದ್ದೆ. ಕೈಯಲ್ಲಿ ಹಾಲಿನ ಚೆಂಬು ಇತ್ತು. ಎಳೆ ಕರುವಿನ ದನ, ಹೊತ್ತು ತಪ್ಪಿಸ್ಲಿಕ್ಕೆ ಇಲ್ಲ. ಐದು ಗಂಟೆ ಆಗಿತ್ತು. ಬಂದಡ್ಕದ ಕಡೆಯ ಬಸ್ಸು ಹಾರ್ನು ಹಾಕಿ ಹೋದದ್ದು ಆಗಲೇ."

"ಸರಿಯಾಗಿ ನೆನಪು ಮಾಡು. ಬೇರೆ ದಿನ ಇರ್ಬಹುದು. ಎಂಟು ತಿಂಗಳಾಯ್ತು."

"ಒಬ್ಬಳೇ ಇದ್ದದ್ದು ಅದೊಂದು ದಿನ ಮಾವ. ಆ ದಿನದ ಒಂದೊಂದು ಗಳಿಗೆ ನನಗೆ ಬಾಯಿಪಾಠ ಉಂಟು. ಬೇಕಾದ್ರೆ ಹಾಲು ಎಷ್ಟು ಸಿಕ್ಕಿತು ಅಂತಲೂ ಹೇಳ್ತೇನೆ."

ಕುಕ್ಕಪ್ಪ ಚೀಟಿಯನ್ನು ನೋಡಿದ. ಅದರಲ್ಲಿ ಇನ್ನೂ ಏನೂ ಬರೆದಿರಲಿಲ್ಲ.

ಎರಡೂವರೆಗೆ ಕಡಬದಲ್ಲಿ ಕೊಲೆ, ಹೆಣ ಸಿಕ್ಕಿದ್ದು ಏಳಕ್ಕೆ. ಅಲ್ಲಿಂದ ಸುಳ್ಯಕ್ಕೆ ಬರುವ ಮರದ ಲಾರಿಗಳು ಏನು ಕಡಿಮೆಯೇ? ಕೈ ತೋರಿಸಿದರೆ ಯಾವ ಡ್ರೈವರನೂ ಇನ್ನೊಬ್ಬ ಡ್ರೈವರನನ್ನು ಬಿಟ್ಟು ಹೋಗುವುದಿಲ್ಲ. ಐದಕ್ಕೆ ಆಲೆಟ್ಟಿ. ಸರ್ಕಾರಿ ವಕೀಲರು ಇಷ್ಟು ದಿನ ಗಾಳಿಯಲ್ಲಿ ಕಟ್ಟುತ್ತಿದ್ದ ಗೋಡೆಗೆ ಈ ಹೆಂಗಸಿನ ಮಾತು ಕಲ್ಲು ಕೊಟ್ಟಂತೆ.

ಅಷ್ಟೇ ಆಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇನ್ನೊಂದು ಸಣ್ಣ ಲೆಕ್ಕ ತಾಳೆಯಾಗಲಿಲ್ಲ. ಪುತ್ತೂರಿನಲ್ಲಿ ಅವನ ಬಾಡಿಗೆ ಮನೆಯ ಎರಡೂ ಪಕ್ಕ ಬ್ಯಾರಿಗಳ ಮನೆ. ಎಷ್ಟೋ ರಂಜಾನ್ ಕಂಡಿದ್ದಾನೆ. ನೋಂಬು ಬಿಡುವುದಾದರೆ ಮನುಷ್ಯ ಬಿಡುವುದು ಮಧ್ಯಾಹ್ನದ ಉರಿಯಲ್ಲಿ. ಆರೂವರೆಯ ಬಾಂಕಿಗೆ ಒಂದೂವರೆ ಗಂಟೆ ಇರುವಾಗ, ಬೆಳಗ್ಗಿನಿಂದ ಹಿಡಿದುಕೊಂಡು ಬಂದದ್ದನ್ನು ಯಾರೂ ಬಿಡುವುದಿಲ್ಲ. ನಾಲಿಗೆ ಒಣಗಿ ಬಿದ್ದರೂ ಸೂರ್ಯನನ್ನು ನೋಡುತ್ತಾ ಕೂರುತ್ತಾರೆ. ನೆರಳಿನಲ್ಲಿ ಲಾರಿಯ ಅಡಿಯಲ್ಲಿ ಮಲಗಿದ್ದ ಗಟ್ಟಿ ಆಳು, ಏಳು ವರ್ಷ ನೋಂಬು ತಪ್ಪಿಸದವನು, ಐದು ಗಂಟೆಗೆ ಯಾಕೆ ಸೋತ? ದಿನವಿಡೀ ಅವನು ಎಲ್ಲಿಂದ ಎಲ್ಲಿಗೆ ಓಡಿದ್ದ?

ಗುರುವಾರ ಅವನು ಸರಳಿನ ಎಡೆಯಿಂದ 'ಮಧ್ಯಾಹ್ನ' ಎಂದು ಹೇಳಿದಾಗ ಕುಕ್ಕಪ್ಪ ಅವನ ಕಣ್ಣನ್ನು ನೋಡಿದ್ದ. ಆ ಕಣ್ಣು ನಂಬಿ ಬಸ್ಸು ಹತ್ತಿದ್ದ. ಸಾವಿರ ಸಾಕ್ಷಿಗಳ ಕಣ್ಣು ನೋಡಿದ ಗುಮಾಸ್ತ ತಾನು ಎಂದು ಒಂದು ಅಹಂಕಾರ ಇತ್ತು.

"ಎಂತಾಯ್ತು ಮಾವ? ಮುಖ ಕಪ್ಪಾಯ್ತು ನಿಮ್ಮದು."

"ಏನಿಲ್ಲ" ಎಂದ. ಪೆನ್ಸಿಲನ್ನು ಬೆರಳುಗಳ ನಡುವೆ ತಿರುಗಿಸಿದ. ಒಂದೇ ಒಂದು ಮಾತು. ಸಂಜೆ ಎನ್ನುವಲ್ಲಿ ಮಧ್ಯಾಹ್ನ ಎಂದರೆ ಸಾಕು. ಈ ಹೆಂಗಸಿನ ಮುಖ ನೋಡಿದರೆ ಯಾವ ಜಡ್ಜರೂ ನಂಬುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಅವನು ಸಾಕ್ಷಿಗಳಿಗೆ ಎಲ್ಲಿ ನಿಲ್ಲಬೇಕು, ಹೇಗೆ ಕೈ ಕಟ್ಟಬೇಕು ಎಂದು ಹೇಳಿಕೊಟ್ಟಿದ್ದ. ಏನು ಹೇಳಬೇಕು ಎಂದು ಹೇಳಿಕೊಟ್ಟವನಲ್ಲ. ಆದರೂ ನಾಲಿಗೆ ಆ ಕಡೆಗೆ ಹೊರಳಿತು.

"ಮಗಳೇ, ಹಳ್ಳಿಯಲ್ಲಿ ಗಡಿಯಾರ ಯಾರು ನೋಡ್ತಾರೆ? ಸ್ವಲ್ಪ ಆಚೆ ಈಚೆ ಅಂದ್ರೆ..."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಬುದ್ಧಿವಂತೆ. ಅವನು ಮಾತು ಮುಗಿಸುವ ಮೊದಲೇ ಅವಳಿಗೆ ತಿಳಿದಿತ್ತು.

"ಒಂದು ಸುಳ್ಳು ಹೇಳಿ ಎಂಟು ತಿಂಗಳು ಉಂಡ ಅನ್ನ ಮೈಗೆ ಹಿಡೀಲಿಲ್ಲ ಮಾವ. ಇನ್ನೊಂದು ನನ್ನಿಂದ ಆಗ್ಲಿಕ್ಕಿಲ್ಲ. ನಾನು ಬಂದ್ರೆ ಕಂಡದ್ದನ್ನು ಕಂಡ ಹಾಗೆ ಹೇಳ್ತೇನೆ."

ಕುಕ್ಕಪ್ಪ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

"ಹಾಗಾದ್ರೆ ನೀನು ಬರುದು ಬೇಡ."

"ಎಂತ?"

"ಬೇಡ ಮಗಳೇ. ನಿನ್ನ ಸಂಸಾರ ಕೆಡುದು ಬೇಡ. ನಾನು ಬರ್ಲಿಲ್ಲ, ನೀನು ಏನೂ ಹೇಳ್ಲಿಲ್ಲ. ಬಟ್ಟಲನ್ನು ಎಲ್ಲಿಯಾದ್ರೂ ಹೂತು ಹಾಕು."

"ಈಗ ತಾನೇ ಬಾ ಅಂತ ನನ್ನ ಕರುಳು ಹಿಂಡಿದ್ರಿ. ಅವನ ಕೂಸಿನ ಕತೆ ಹೇಳಿದ್ರಿ. ಈಗ ಬೇಡ ಅಂತೀರಿ. ನಾನು ಹೇಳಿದ್ರೆ ಅವನಿಗೆ ಒಳ್ಳೆದಾಗುದಿಲ್ವಾ?"

ಅಷ್ಟರಲ್ಲಿ ಜಗಲಿಯ ಮೆಟ್ಟಿಲ ಕೆಳಗಿನಿಂದ ಕೋಲಿನ ಸದ್ದು ಕೇಳಿತು.

ಶೀಲಾವತಿ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ ದೇವರೇ ಬಲ್ಲ. ಕಾಗೆಗಳ ಗಲಾಟೆ ಯಾವಾಗಲೋ ನಿಂತಿತ್ತು ಎಂಬುದು ಕುಕ್ಕಪ್ಪನಿಗೆ ಆಗ ಹೊಳೆಯಿತು. ದಮಯಂತಿ ಗೋಡೆಗೆ ಅಂಟಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

ಮುದುಕಿ 'ಉಸ್ಸಪ್ಪ' ಎಂದು ಮೆಟ್ಟಿಲು ಹತ್ತಿ, ತಮ್ಮ ಜಾಗದಲ್ಲಿ ಕುಳಿತು, ಸೊಸೆಯನ್ನು ನೋಡಿದರು.

"ನಾಯಿ ಅಂತೆ, ನಾಯಿ! ಹೆಣ್ಣೇ, ಮರುದಿನ ಬೆಳಿಗ್ಗೆ ಆ ಬಟ್ಟಲಿನಲ್ಲಿ ಮಾವಿನ ಮಿಡಿಯ ಗೊರಟು ಇತ್ತು. ಚೀಪಿ ಚೀಪಿ ಬಿಳಿ ಮಾಡಿದ್ದು. ಯಾವ ಊರಿನ ನಾಯಿ ಉಪ್ಪಿನಕಾಯಿ ಚೀಪುದು?"

"ಅತ್ತೆ..."

"ಆವತ್ತೇ ಗೊತ್ತು ನನಗೆ. ಯಾರೋ ಹಸಿದವನು ಬಂದಿದ್ದಾನೆ, ನಮ್ಮವನಲ್ಲ ಅಂತ. ಇಲ್ಲದಿದ್ರೆ ನೀನು ತವರಿನ ಕಂಚನ್ನು ಹಟ್ಟಿಗೆ ಹಾಕುವವಳಾ? ನನಗೆ ಮೋಸ ಮಾಡಿ ಅದರಲ್ಲಿ ಬಡಿಸ್ಲಿಲ್ಲ, ಅದು ಸಾಕು ಅಂತ ಸುಮ್ಮನೆ ಇದ್ದೆ. ನೀನಾಗಿ ಹೇಳ್ತೀಯಾ ಅಂತ ನೋಡಿದೆ. ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಇಬ್ಬರೂ ಗಟ್ಟಿ ಪಿಂಡಗಳು."

ದಮಯಂತಿ ಅಲ್ಲೇ ಕುಸಿದು ಕುಳಿತು ಅತ್ತಳು. ಬಿಕ್ಕುವುದಕ್ಕೂ ಹೆದರಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.

"ಅಚ್ಚುತನಿಗೆ ನಾನು ಹೇಳ್ತೇನೆ. ನನ್ನ ಮಗ ಅವನು, ನನ್ನನ್ನು ದಾಟಿ ಮಾತಾಡ್ಲಿ ನೋಡುವಾ" ಎಂದು ಶೀಲಾವತಿ ಕುಕ್ಕಪ್ಪನ ಕಡೆಗೆ ತಿರುಗಿದರು. "ಒಂದು ಪ್ರಾಣದ ಪ್ರಶ್ನೆ ಮಾರಾಯ್ರೆ. ಸೋಮವಾರ ಇವಳನ್ನು ನಾನೇ ಕರಕೊಂಡು ಬರ್ತೇನೆ. ಸುಳ್ಯದಿಂದ ಮಂಗಳೂರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ?"

ಸುಳ್ಯ, ಪುತ್ತೂರು, ಕಡಬದ ಎಲ್ಲ ಬಸ್ಸುಗಳ ಹೊತ್ತೂ ಕುಕ್ಕಪ್ಪನ ನಾಲಿಗೆಯ ತುದಿಯಲ್ಲಿ ಇರುತ್ತಿದ್ದವು. ಈಗ ಒಂದೂ ಬರಲಿಲ್ಲ. ಒಂದು ಗಂಟೆಯ ಹಿಂದೆ ಇದೇ ಮಾತು ಕೇಳಿದ್ದರೆ ಅವನು ಈ ಮುದುಕಿಯ ಕಾಲಿಗೆ ಬೀಳುತ್ತಿದ್ದ. ಈಗ ತಡೆಯಲು ಅವನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅತ್ತೆಯ ಹೆದರಿಕೆ ಇರಲಿಲ್ಲ, ಗಂಡನ ಹೆದರಿಕೆಯೂ ಇರಲಿಲ್ಲ. ಅವನೇ ಬಂದು, ಬೆಲ್ಲ ತಿಂದು, ಈ ಮನೆಯ ಬಾಯಿ ತೆರೆಸಿದ್ದ.

"ಅಕ್ಕ, ಸ್ವಲ್ಪ ಯೋಚನೆ ಮಾಡುವಾ. ವಕೀಲ ರಾಯರನ್ನು ಒಂದು ಮಾತು ಕೇಳಿ..."

"ಎಂತ ಕೇಳುದು? ಉಣ್ಣಲಿಕ್ಕೆ ಕೊಟ್ಟದ್ದು ಇವಳು, ನಿಮ್ಮ ರಾಯರಲ್ಲ."

ದಮಯಂತಿ ಕಣ್ಣು ಒರೆಸಿಕೊಂಡು ಎದ್ದಳು. ಎಂಟು ತಿಂಗಳ ಹೊರೆ ಇಳಿಸಿದವಳ ಮುಖ ಅದು. ಹಗುರ, ನಿರ್ಮಲ. ಅದನ್ನು ನೋಡಲಾರದೆ ಕುಕ್ಕಪ್ಪ ತಲೆ ತಗ್ಗಿಸಿದ.

"ಮಾವ, ಕೋರ್ಟಿನಲ್ಲಿ ಎಲ್ಲ ಹೇಳ್ಬೇಕಲ್ವಾ? ಒಂದೂ ಬಿಡ್ಲಿಕ್ಕೆ ಇಲ್ಲ ಅಲ್ವಾ?"

"ಕೇಳಿದ್ದಕ್ಕೆ ಮಾತ್ರ ಹೇಳಿದ್ರೆ ಸಾಕು" ಎಂದ ಕುಕ್ಕಪ್ಪ, ಬೇಗ ಬೇಗ. "ಅವನು ಬಂದ, ನೀನು ಗಂಜಿ ಕೊಟ್ಟೆ, ಅವನು ಹೋದ. ಬೇರೆ ಏನೂ ಇಲ್ವಲ್ಲ?"

"ಇನ್ನೊಂದು ಉಂಟು. ನನಗೆ ಅದರ ಅರ್ಥ ಆಗ್ಲಿಲ್ಲ ಆವತ್ತು. ಗಂಜಿ ಬಾಯಿಗೆ ಇಡುವ ಮೊದಲು ಅವನು ಬಟ್ಟಲು ಹಿಡ್ಕೊಂಡು ಸಣ್ಣ ಮಕ್ಕಳ ಹಾಗೆ ಅತ್ತ. ಎಂತಾಯ್ತು ಅಂತ ಕೇಳಿದೆ."

"ಎಂತ ಹೇಳಿದ?"

"'ಅಕ್ಕಾ, ನಮ್ಮ ಸಾಹುಕಾರ್ರು ಇವತ್ತು ತೀರಿಹೋದ್ರು' ಅಂತ ಹೇಳಿದ."